ರಸ್ತೆ ಅಗಲ ಮಾಡುವ ಮೊದಲು ಸಿಗ್ನಲ್ ಹತ್ತಿರ ಒಂದು ಗಂಟೆ ನಿಂತು ನೋಡಿ

ತಿಂಗಳಿಗೆ ಒಂದಾದರೂ ಬಡಾವಣೆಯ ಸಭೆಗೆ ನನ್ನನ್ನು ಕರೆಯುತ್ತಾರೆ. ಬೆಂಗಳೂರಿನ ರಸ್ತೆಗಳಲ್ಲಿ ವಾಹನ ಎಣಿಸುವುದು, ಜಂಕ್ಷನ್ ವಿನ್ಯಾಸ ಮಾಡುವುದು ನನ್ನ ಕೆಲಸ. ಕಾಫಿ ಮುಗಿಯುವುದರೊಳಗೆ ಯಾರಾದರೂ ಎದ್ದು ನಿಲ್ಲುತ್ತಾರೆ. "ಸಾರ್, ಎರಡೂ ಕಡೆ ಹತ್ತತ್ತು ಅಡಿ ತಗೊಂಡ್ರೆ ಸಾಕು, ಜಾಮೇ ಇರೋದಿಲ್ಲ." ನಾನು ತಿರುಗಿ ಕೇಳುತ್ತೇನೆ: ನಿಮ್ಮ ಸಿಗ್ನಲ್‌ನಲ್ಲಿ ಹಸಿರು ಎಷ್ಟು ಸೆಕೆಂಡ್ ಇರುತ್ತೆ? ದಿನಾ ಅಲ್ಲೇ ಕಾಯುವವರು, ಆದರೂ ಯಾರಿಗೂ ಗೊತ್ತಿರುವುದಿಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ನಗರದೊಳಗಿನ ರಸ್ತೆಯಲ್ಲಿ ಎಷ್ಟು ವಾಹನ ಹೋಗಬಹುದು ಅನ್ನುವುದು ಹೆಚ್ಚಾಗಿ ಸಿಗ್ನಲ್‌ನಲ್ಲಿ ತೀರ್ಮಾನವಾಗುತ್ತದೆ. ಲೆಕ್ಕ ಹಾಕಿಯೇ ತೋರಿಸುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ಒಂದೇ ದಿಕ್ಕಿಗೆ ವಾಹನ ಹೋಗುವ, 7 ಮೀಟರ್ ಅಗಲದ, ಎರಡು ಲೇನ್‌ನ ಮುಖ್ಯರಸ್ತೆ ಇದೆ ಅಂದುಕೊಳ್ಳಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಹಳೆಯ ಮಾರ್ಗಸೂಚಿಯ ಪ್ರಕಾರ ಅಂಥ ರಸ್ತೆಯಲ್ಲಿ ಗಂಟೆಗೆ 2,400 ಕಾರುಗಳಷ್ಟು ವಾಹನ ಹೋಗಬಹುದು. ಇನ್ನು ಸಿಗ್ನಲ್‌ಗೆ ಬನ್ನಿ. ಅಲ್ಲಿ ಹಸಿರು ಬಿದ್ದಾಗ ಪ್ರತಿ ಮೀಟರ್ ಅಗಲಕ್ಕೆ ಗಂಟೆಗೆ 525 ಕಾರು ಅಂತ ನಾವು ಹಿಡಿಯುತ್ತೇವೆ. 7 ಮೀಟರ್‌ಗೆ 3,675 ಆಯಿತು. ಆದರೆ ಹಸಿರು ಗಂಟೆಯಿಡೀ ಇರುವುದಿಲ್ಲ, ಅಲ್ವಾ? 120 ಸೆಕೆಂಡಿನ ಸುತ್ತಿನಲ್ಲಿ ನಿಮ್ಮ ಕಡೆಗೆ 40 ಸೆಕೆಂಡ್ ಸಿಕ್ಕರೆ ಮೂರನೇ ಒಂದು ಪಾಲು. ಅಂದರೆ 1,225. ರಸ್ತೆಯಲ್ಲಿ 2,400 ಹೋಗಬಹುದು, ಸಿಗ್ನಲ್ ಬಿಡುವುದು 1,225.

ಈಗ ಮನೆಗಳ ಕಾಂಪೌಂಡ್ ಒಡೆದು, ಮರ ಕಡಿದು ಮೂರನೇ ಲೇನ್ ಮಾಡಿ. ರಸ್ತೆಯ ಲೆಕ್ಕ 3,600ಕ್ಕೆ ಏರುತ್ತದೆ. ಸಿಗ್ನಲ್ ಹತ್ತಿರ ಮೂಲೆಯ ಅಂಗಡಿಗಳು ಹಾಗೇ ಇದ್ದರೆ ಅಲ್ಲಿ ದಾಟುವುದು ಮತ್ತೆ ಅದೇ 1,225. ಮೊದಲು ಎರಡು ಸಾಲಿನಲ್ಲಿ ಉದ್ದಕ್ಕೆ ನಿಂತಿದ್ದವರು ಈಗ ಮೂರು ಸಾಲಿನಲ್ಲಿ ಸ್ವಲ್ಪ ಗಿಡ್ಡವಾಗಿ ನಿಲ್ಲುತ್ತಾರೆ. ನಿಮ್ಮ ಕಾಯುವ ಹೊತ್ತು ಒಂದು ನಿಮಿಷವೂ ಕಡಿಮೆಯಾಗಲಿಲ್ಲ.

ಇದು ಒರಟು ಲೆಕ್ಕ. ನಮ್ಮಲ್ಲಿ ಬೈಕು, ಆಟೋ, ಬಸ್ಸು ಎಲ್ಲ ಕಲೆತು ಹೋಗುತ್ತವೆ, ಎಡಕ್ಕೆ ತಿರುಗುವವರು ಬೇರೆ. ಸ್ಥಳಕ್ಕೆ ಹೋಗಿ ಎಣಿಸದೆ ಯಾವ ಜಂಕ್ಷನ್ ಬಗ್ಗೆಯೂ ನಾನು ಖಡಾಖಂಡಿತವಾಗಿ ಹೇಳುವುದಿಲ್ಲ. ಆದರೆ ತತ್ವ ಬದಲಾಗುವುದಿಲ್ಲ. ವಿಮಾನ ನಿಲ್ದಾಣದಿಂದ ಬಳ್ಳಾರಿ ರಸ್ತೆಯಲ್ಲಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಷ್ಟು ಅಗಲದ ರಸ್ತೆಯಲ್ಲಿ ಸಲೀಸಾಗಿ ಬಂದು ಹೆಬ್ಬಾಳದಲ್ಲಿ ಎಷ್ಟು ಸಲ ನಿಂತಿದ್ದೀರಿ, ನೆನಪಿಸಿಕೊಳ್ಳಿ.

"ಹಾಗಾದ್ರೆ ಜಂಕ್ಷನ್ನೂ ಅಗಲ ಮಾಡಿ" ಅನ್ನುತ್ತಾರೆ. ಮಾಡಬಹುದು. ಆದರೆ ದಾಟುವವರನ್ನು ಮರೆಯಬೇಡಿ. ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ನಮ್ಮ ಲೆಕ್ಕ. ಎರಡೂ ದಿಕ್ಕಿಗೆ ಎರಡೆರಡು ಲೇನ್ ಇರುವ ರಸ್ತೆಯ 14 ಮೀಟರ್ ದಾಟಲು 12 ಸೆಕೆಂಡ್ ಸಾಕು. ಮೂರು ಮೂರು ಲೇನ್ ಮಾಡಿ 21 ಮೀಟರ್ ಆದರೆ ಹದಿನೇಳೂವರೆ. ಮಂಡಿನೋವಿನ ಅಜ್ಜಿಗೆ ಇಪ್ಪತ್ತೈದು ಸೆಕೆಂಡೂ ಆಗಬಹುದು. ಆ ಹೆಚ್ಚಿನ ಸೆಕೆಂಡುಗಳನ್ನು ವಾಹನಗಳ ಹಸಿರಿನಿಂದಲೇ ತೆಗೆಯಬೇಕು. ತೆಗೆಯದಿದ್ದರೆ ಅಜ್ಜಿ ನಡುರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ನಮ್ಮಲ್ಲಿ ಬಹಳ ಕಡೆ ತೆಗೆಯುವುದಿಲ್ಲ. ಅದು ನನಗೆ ತುಂಬಾ ಸಂಕಟದ ವಿಷಯ.

ಸಿಗ್ನಲ್ಲೇ ಇಲ್ಲದ ಹೆದ್ದಾರಿಯಲ್ಲೂ ಅಗಲ ಕೈಹಿಡಿಯುತ್ತದೆ ಅಂತಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಅಗಲೀಕರಣ 2008ರಲ್ಲಿ ಮುಗಿಯಿತು. ಕೆಲವು ಕಡೆ ಸರ್ವಿಸ್ ರಸ್ತೆ ಸೇರಿ 26 ಲೇನ್. ಅಷ್ಟಾದರೂ 2011ರಿಂದ 2014ರೊಳಗೆ ಸಂಜೆ ಹೊತ್ತಿನ ಪ್ರಯಾಣದ ಸಮಯ ಅರ್ಧಕ್ಕಿಂತ ಜಾಸ್ತಿ ಹೆಚ್ಚಿತು. ಜಾಗ ಸಿಕ್ಕಿತು ಅಂತ ಹೊಸ ಕಾರುಗಳು ಬಂದವು, ಊರು ಇನ್ನೂ ಹೊರಕ್ಕೆ ಬೆಳೆಯಿತು.

ಅಗಲೀಕರಣ ಯಾವಾಗಲೂ ತಪ್ಪು ಅನ್ನುತ್ತಿಲ್ಲ. ಉದ್ದಕ್ಕೂ ಮೂರು ಲೇನ್ ಇದ್ದು, ಒಂದೇ ಒಂದು ಕಟ್ಟಡದ ಹತ್ತಿರ ರಸ್ತೆ ಎರಡಾಗಿ ಕುಗ್ಗಿದರೆ ಅಲ್ಲಿ ಖಂಡಿತ ತೆಗೆಯಿಸಿ. ಸರಿಯಾದ ಪರಿಹಾರ ಕೊಟ್ಟು ತೆಗೆಯಿಸಿ. ದುಡ್ಡಿನ ಬದಲು ಸುಮ್ನೆ ಟಿಡಿಆರ್ (ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಬೇರೆ ಕಡೆ ಹೆಚ್ಚು ಕಟ್ಟುವ ಹಕ್ಕು) ಕಾಗದ ಕೈಗಿಟ್ಟು ಬಂದರೆ ಚಿಕ್ಕ ಅಂಗಡಿಯವರು ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಆದರೆ ಫುಟ್‌ಪಾತ್ ಕತ್ತರಿಸಿ ಲೇನ್ ಮಾಡುವುದಕ್ಕೆ ನಾನು ಸಹಿ ಹಾಕುವುದಿಲ್ಲ. ಬಸ್ಸಿಗೆ ಹೋಗುವವರು ನಡೆದೇ ಹೋಗಬೇಕು. ಒಂದು ಬಸ್ಸಿನಲ್ಲಿ ಐವತ್ತು ಜನ ಇರುತ್ತಾರೆ, ಅದು ಹಿಡಿಯುವುದು ಮೂರು ಕಾರಿನ ಜಾಗ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಒಂದು ಲೇನ್ ಬಿಟ್ಟಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಮೆಟ್ರೊ ಕಾಮಗಾರಿ ಬಂದ ಮೇಲೆ ಅದು ಹೋಯಿತು. ಮತ್ತೆ ಬರಬೇಕು.

ಕೆಲವು ವರ್ಷದ ಹಿಂದೆ ಒಂದು ಬಡಾವಣೆಯಲ್ಲಿ ರಸ್ತೆ ಅಗಲ ಮಾಡಲು ಒಡೆಯಬೇಕಾದ ಗೋಡೆಗಳ ಮೇಲೆ ಕೆಂಪು ಗುರುತು ಬಿದ್ದಿತ್ತು. ಸಭೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ನನ್ನ ಮಾತು ನಂಬಲಿಲ್ಲ. "ನಾನೇ ಎಣಿಸ್ತೀನಿ, ಏನು ಬರ್ಕೋಬೇಕು ಹೇಳಿ" ಅಂದರು. ಪ್ರತಿ ಹಸಿರಿಗೆ ಎಷ್ಟು ವಾಹನ ದಾಟಿತು, ಎಷ್ಟು ಉಳಿಯಿತು, ಮುಂದೆ ಅಡ್ಡ ನಿಂತವರು ಯಾರು, ಇಷ್ಟು ಸಾಕು ಅಂದೆ. ಮೊಮ್ಮಗನನ್ನು ಕರೆದುಕೊಂಡು ಮೂರು ಸಂಜೆ ನಿಂತರು. ನೋಟ್‌ಬುಕ್ಕಿನ ತುಂಬ ಗೆರೆ ಹೊಡೆದು ತಂದಿದ್ದರು. ಸಿಗ್ನಲ್‌ಗೆ ಇಪ್ಪತ್ತು ಹೆಜ್ಜೆ ಮೊದಲೇ ಬಸ್ ಸ್ಟಾಪ್. ಹಸಿರು ಬಿದ್ದಾಗಲೂ ಎಡ ಲೇನ್‌ನಲ್ಲಿ ಬಸ್ಸು ಜನ ಹತ್ತಿಸಿಕೊಳ್ಳುತ್ತಿತ್ತು, ಅದರ ಹಿಂದೆ ಆಟೋಗಳು. ಇದ್ದ ಎರಡು ಲೇನ್‌ನಲ್ಲಿ ಒಂದು ಅರ್ಧ ಹೊತ್ತು ಸತ್ತೇ ಇತ್ತು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಅವರೇ ಕಂಡುಹಿಡಿದಿದ್ದರು.

ಸ್ಟಾಪನ್ನು ಜಂಕ್ಷನ್ ದಾಟಿದ ಮೇಲೆ ಇಡಿಸಲು ಎಂಟು ತಿಂಗಳು ಓಡಾಡಿದೆವು. ಸಂಜೆಯ ಸಾಲು ಪೂರ್ತಿ ಹೋಗಲಿಲ್ಲ, ಆದರೆ ಈಗ ಹೆಚ್ಚಿನವರು ಒಂದೇ ಹಸಿರಿನಲ್ಲಿ ದಾಟುತ್ತಾರೆ. ಮೇಷ್ಟ್ರು ಹೋದ ವಾರ ಫೋನ್ ಮಾಡಿದ್ದರು. ಹೊಸ ಸ್ಟಾಪ್ ಹತ್ತಿರ ಫುಟ್‌ಪಾತ್ ಒಡೆದಿದೆಯಂತೆ, ಎಷ್ಟು ಅಗಲ ಇರಬೇಕು ಅಂತ ಕೇಳಿದರು. ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದೆ ಇರಬೇಕು ಅಂದೆ. ಟೇಪ್ ತಗೊಂಡು ಹೋಗಿ ಅಳೆದು ಬರುತ್ತೇನೆ ಅಂದರು.