ಹಳೆಯ ಸ್ಪೋರ್ಟ್ಸ್ ಕಾರು ಸ್ಲೋದಲ್ಲಿ ನಿಲ್ಲದಿರುವುದೇಕೆ?

ಹಳೆಯ ಸ್ಪೋರ್ಟ್ಸ್ ಕಾರು ಸ್ಲೋದಲ್ಲಿ, ಅಂದರೆ ನಿಂತಲ್ಲೇ ಎಕ್ಸಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ, ನಡುಗತೊಡಗಿದರೆ, ಅಥವಾ ಎಕ್ಸಲರೇಟರಿನಿಂದ ಕಾಲು ತೆಗೆದ ಕೂಡಲೇ ಆಫ್ ಆಗತೊಡಗಿದರೆ, ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಹೆಚ್ಚಿನ ವರ್ಕ್‌ಶಾಪುಗಳಲ್ಲಿ ಮೊದಲು ಹೊರಬರುವುದು ಸ್ಕ್ರೂಡ್ರೈವರ್. "ಗಾಡಿಗೆ ವಯಸ್ಸಾಯಿತು ಸಾರ್, ಸ್ಲೋ ಸ್ವಲ್ಪ ಜಾಸ್ತಿ ಇಟ್ಟುಕೊಡುತ್ತೇನೆ" ಎಂದು, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲಿನ ತಿರುಪನ್ನು ಕಾಲು ಸುತ್ತು ತಿರುಗಿಸಿಬಿಡುತ್ತಾರೆ. ನಡುಕ ಅಡಗುತ್ತದೆ, ಆದರೆ ಅದರ ಕಾರಣ ಇದ್ದಲ್ಲೇ ಇರುತ್ತದೆ. ವಯಸ್ಸಾದ ಮಾತ್ರಕ್ಕೆ ಯಾವ ಎಂಜಿನ್ನೂ ನಡುಗುವುದಿಲ್ಲ. ಸಾಮಾನ್ಯವಾಗಿ ಗಾಳಿಯೋ ಪೆಟ್ರೋಲೋ ಕಿಡಿಯೋ ಲೆಕ್ಕ ತಪ್ಪಿದಾಗ ಅದು ನಡುಗುತ್ತದೆ. ಇವುಗಳಲ್ಲಿ ಸ್ಲೋಗೆ ಮಾತ್ರ ಸೀಮಿತವಾದ ತೊಂದರೆಯ ಬೇರು ಬಹುಪಾಲು ಗಾಳಿಯಲ್ಲಿದೆ. ಅದು ಏಕೆ ಹಾಗೆ ಎಂಬುದು ಭೌತಶಾಸ್ತ್ರದ ಅತ್ಯಂತ ಸೊಗಸಾದ ಸಂಗತಿಗಳಲ್ಲಿ ಒಂದೆಂದು ನಾನು ನಂಬಿದ್ದೇನೆ.

1643ರಲ್ಲಿ ಇಟಲಿಯ ಟೊರಿಚೆಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಬೋರಲು ಹಾಕಿ, ನಮ್ಮ ಮೇಲಿರುವ ಗಾಳಿಗೆ ಸುಮಾರು 760 ಮಿಲಿಮೀಟರ್ ಪಾದರಸವನ್ನು ಎತ್ತಿಹಿಡಿಯುವ ಒತ್ತಡವಿದೆ ಎಂದು ತೋರಿಸಿಕೊಟ್ಟನು. ಕಡಲ ಮಟ್ಟದಲ್ಲಿರುವ ಕಾಸರಗೋಡಿನಲ್ಲಿ ಕಾರಿನ ಸುತ್ತಲೂ ಇರುವುದು ಇದೇ ಒತ್ತಡ. ಎಕ್ಸಲರೇಟರನ್ನು ಬಿಟ್ಟಾಗ ಥ್ರಾಟಲಿನ ತಟ್ಟೆ ಬಹುತೇಕ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನುಗಳು ಗಾಳಿಯನ್ನು ಎಳೆಯುತ್ತಲೇ ಇರುತ್ತವೆಯಾದರೂ ಒಳಗೆ ಬರುವುದಕ್ಕೆ ದಾರಿಯಿಲ್ಲ. ಹೀಗಾಗಿ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ ಒತ್ತಡ ಹೊರಗಿನ ಒತ್ತಡದ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಕಾರು ಅಲುಗಾಡದೆ ನಿಂತಿರುವಾಗಲೂ ಅದರ ರಬ್ಬರ್ ಹೋಸುಗಳು ಮತ್ತು ಗ್ಯಾಸ್ಕೆಟ್ಟುಗಳು ಬಲವಾದ ಹೀರುವಿಕೆಯನ್ನು ತಡೆದುಕೊಂಡಿರುತ್ತವೆ.

ಈಗ ಒಂದು ಹೋಸಿನಲ್ಲಿ ಸಣ್ಣ ಬಿರುಕು ಬಿಟ್ಟಿದೆಯೆಂದು ಭಾವಿಸೋಣ. ಒಳಗಿನ ಒತ್ತಡ ಇಳಿದಷ್ಟೂ ಬಿರುಕಿನ ಮೂಲಕ ನುಗ್ಗುವ ಗಾಳಿ ಹೆಚ್ಚಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂದು ಹಂತದವರೆಗೆ ಅದು ನಿಜ. ಆದರೆ ಒಳಗಿನ ಒತ್ತಡ ಹೊರಗಿನದರ ಸುಮಾರು ಶೇಕಡ 53ಕ್ಕಿಂತ ಕೆಳಗಿಳಿದಾಗ ಬಿರುಕಿನ ಅತಿ ಕಿರಿದಾದ ಜಾಗದಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ, ಅಲ್ಲಿಂದ ಮುಂದೆ ಒಳಗೆ ಎಷ್ಟೇ ಹೀರಿದರೂ ಹರಿವು ಒಂದಿಷ್ಟೂ ಹೆಚ್ಚುವುದಿಲ್ಲ. ಒತ್ತಡದ ಸುದ್ದಿ ಗಾಳಿಯಲ್ಲಿ ಸಾಗುವುದು ಶಬ್ದದ ವೇಗದಲ್ಲಿ. ಎದುರಿನಿಂದ ಅದೇ ವೇಗದಲ್ಲಿ ಗಾಳಿ ನುಗ್ಗಿ ಬರುತ್ತಿರುವಾಗ ಒಳಗಿನ ಸುದ್ದಿ ಹೊರಗೆ ತಲುಪುವುದೇ ಇಲ್ಲ. ನಮ್ಮ ಅಡಿಕೆ ತೋಟಗಳ ತೋಡಿಗೆ ಹಾಕುವ ಕಟ್ಟವನ್ನು ಇದಕ್ಕೆ ಹೋಲಿಸಬಹುದು. ಕಟ್ಟದ ಮೇಲಿಂದ ನೀರು ಧುಮುಕತೊಡಗಿದ ಮೇಲೆ ಕೆಳಗಿನ ಗುಂಡಿಯಲ್ಲಿ ನೀರು ಮೊಣಕಾಲಿನಷ್ಟಿದ್ದರೂ ಪಾದದಷ್ಟಿದ್ದರೂ ಮೇಲಿನಿಂದ ಹರಿದುಬರುವ ನೀರಿನ ಪ್ರಮಾಣ ಬದಲಾಗದು. ಅದನ್ನು ನಿರ್ಧರಿಸುವುದು ಮೇಲಿನ ಮಟ್ಟ ಮಾತ್ರ. ಗಾಳಿಯ ಈ ನಡತೆಯನ್ನು ಫ್ರಾನ್ಸಿನ ಸೇಂಟ್ ವೆನಾಂಟ್ ಮತ್ತು ವಾಂಟ್ಸೆಲ್ 1839ರಲ್ಲೇ ಲೆಕ್ಕಹಾಕಿದ್ದರು. ಆಗ ಪೆಟ್ರೋಲ್ ಕಾರು ಯಾರ ಕನಸಿನಲ್ಲೂ ಇರಲಿಲ್ಲ.

ಈ ಒಂದು ಸಂಗತಿಯಿಂದ ಪರೀಕ್ಷೆಯ ಮೊದಲ ಹೆಜ್ಜೆ ತಾನಾಗಿ ಸಿಗುತ್ತದೆ. 1.6 ಲೀಟರಿನ ಎಂಜಿನ್ ನಿಮಿಷಕ್ಕೆ 850 ಸುತ್ತಿನ ಸ್ಲೋದಲ್ಲಿ ಸೆಕೆಂಡಿಗೆ ಸುಮಾರು 3 ಗ್ರಾಂ ಗಾಳಿಯನ್ನು ಸೇವಿಸುತ್ತದೆ. 3 ಮಿಲಿಮೀಟರ್ ಅಗಲದ ತೂತಿನಿಂದ ಶಬ್ದದ ವೇಗದಲ್ಲಿ ಒಳನುಗ್ಗುವ ಗಾಳಿಯೇ ಸೆಕೆಂಡಿಗೆ 1 ಗ್ರಾಮಿಗಿಂತ ಹೆಚ್ಚು, ಅಂದರೆ ಎಂಜಿನ್ನಿನ ಊಟದ ಮೂರನೇ ಒಂದು ಭಾಗ ಹಿಂಬಾಗಿಲಿನಿಂದ ಬರುತ್ತಿದೆ. ಅದೇ ಎಂಜಿನ್ 5000 ಸುತ್ತಿನಲ್ಲಿ ಥ್ರಾಟಲ್ ಪೂರ್ತಿ ತೆರೆದು ಓಡುವಾಗ ಸೆಕೆಂಡಿಗೆ 60 ಗ್ರಾಮಿಗೂ ಹೆಚ್ಚು ಗಾಳಿ ಬೇಕಾಗುತ್ತದೆ. ಆಗ ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಸಮನಾಗಿರುವುದರಿಂದ ಬಿರುಕಿನ ಕೊಡುಗೆ ನಗಣ್ಯ. ಆದ್ದರಿಂದ ಸ್ಲೋದಲ್ಲಿ ನಡುಗಿ, ರೇಸ್ ಕೊಟ್ಟ ಕೂಡಲೇ ಸರಿಹೋಗುವ ಕಾರಿನಲ್ಲಿ ಮೊದಲು ಗಾಳಿ ಸೋರಿಕೆಯನ್ನು ಹುಡುಕಬೇಕು. ಏರಿನಲ್ಲಿ ಭಾರ ಬಿದ್ದಾಗ ಮಿಸ್ಸಿಂಗ್ ಹೆಚ್ಚಾಗುವ ಕಾರಿನಲ್ಲಿ ಕಿಡಿಯನ್ನೂ ಪೆಟ್ರೋಲ್ ಫಿಲ್ಟರನ್ನೂ ನೋಡಬೇಕು. ಈ ಎರಡನ್ನು ಬೇರ್ಪಡಿಸದೆ ಪ್ಲಗ್ಗು, ಕಾಯಿಲ್ ಎಂದು ಒಂದೊಂದಾಗಿ ಬದಲಾಯಿಸುತ್ತಾ ಹೋಗುವುದು ಹಣವನ್ನು ಹೊಳೆಗೆ ಸುರಿದಂತೆ.

ಸೋರಿಕೆಯ ಲಕ್ಷಣ ಎಲ್ಲ ಕಾರುಗಳಲ್ಲೂ ಒಂದೇ ರೀತಿ ಇರುವುದಿಲ್ಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರ ಮೊದಲ ಮಾದರಿಗಳಂತೆ ಒಳಬರುವ ಗಾಳಿಯನ್ನು ಬಾಗಿಲಿನಂಥ ತಟ್ಟೆಯಿಂದ ಅಳೆಯುವ ಕಾರುಗಳಲ್ಲಿ, ಅಳತೆಯ ಜಾಗವನ್ನು ತಪ್ಪಿಸಿ ಬಂದ ಗಾಳಿಗೆ ತಕ್ಕ ಪೆಟ್ರೋಲ್ ಸಿಗುವುದಿಲ್ಲ. 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಎಂಬ ಹದ ಕೆಟ್ಟು, ಮಿಶ್ರಣ ತೆಳುವಾಗಿ ಎಂಜಿನ್ ತಡವರಿಸುತ್ತದೆ. ಗಾಳಿಯ ಬದಲು ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಕಾರುಗಳಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಏರಿದ ಒತ್ತಡವನ್ನು ಕಂಡ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನೂ ಹೆಚ್ಚಿಸುತ್ತದೆ, ಸ್ಲೋ ತಾನಾಗಿ 1500ರ ಮೇಲೆ ಏರಿ ಕುಳಿತುಬಿಡುತ್ತದೆ.

ಸುತ್ತು ಏರಿ ಇಳಿದು ಮತ್ತೆ ಏರುವ ಓಲಾಟದ ಮೂಲವೂ ಇಲ್ಲೇ ಇದೆ. ಎಕ್ಸಲರೇಟರ್ ಬಿಟ್ಟಿದ್ದರೂ ಸುತ್ತು ಹೆಚ್ಚಿದ್ದರೆ ಕಾರು ಇಳಿಜಾರಿನಲ್ಲಿದೆ ಎಂದು ಭಾವಿಸಿ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಸುತ್ತು ಕುಸಿಯುತ್ತದೆ, ಪೆಟ್ರೋಲ್ ಮರಳುತ್ತದೆ, ಸೋರಿಕೆಯ ಗಾಳಿ ಸುತ್ತನ್ನು ಮತ್ತೆ ಮೇಲಕ್ಕೊಯ್ಯುತ್ತದೆ. 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ವೇಗವನ್ನು ತಾನಾಗಿ ನಿಯಂತ್ರಿಸುವ, ತಿರುಗುವ ಗುಂಡುಗಳ ಗವರ್ನರ್ ಅಳವಡಿಸಿದ ಮೇಲೆ ಅಂಥ ಯಂತ್ರಗಳಲ್ಲಿ ಇಂಥದೇ ಓಲಾಟ ಎಂಜಿನಿಯರುಗಳನ್ನು ಕಾಡಿತ್ತು. ತಿದ್ದುಪಡಿ ಯಾವಾಗ ಓಲಾಟವನ್ನು ತಣಿಸುತ್ತದೆ, ಯಾವಾಗ ಬೆಳೆಸುತ್ತದೆ ಎಂಬುದನ್ನು 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳ ಕುರಿತ ಪ್ರಬಂಧವೊಂದರಲ್ಲಿ ಗಣಿತದಿಂದ ಬಿಡಿಸಿಟ್ಟರು. ಬೆಳಕಿನ ಸ್ವರೂಪವನ್ನೇ ವಿವರಿಸಿದ ಅದೇ ಮ್ಯಾಕ್ಸ್‌ವೆಲ್! ನಮ್ಮ ಕಾರಿನ ಬಾನೆಟ್ಟಿನ ಕೆಳಗೆ ನಡೆಯುವುದು ಅಷ್ಟು ದೊಡ್ಡ ಬುದ್ಧಿಗೆ ವಿಷಯವಾಗಿದ್ದ ಸಮಸ್ಯೆ ಎಂಬುದನ್ನು ನೆನೆದರೆ ನನಗೆ ರೋಮಾಂಚನವಾಗುತ್ತದೆ.

ಸೋರಿಕೆಯನ್ನು ಹುಡುಕುವುದಕ್ಕೆ ಬೇಕಾದ ಮುಖ್ಯ ಉಪಕರಣ ವ್ಯಾಕ್ಯೂಮ್ ಗೇಜ್. ಮ್ಯಾನಿಫೋಲ್ಡಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆಯಿದೆ ಎಂಬುದನ್ನು ಅದು ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ. ಬಿಸಿಯಾದ, ಆರೋಗ್ಯವಂತ ಎಂಜಿನ್ನಿನಲ್ಲಿ ಮುಳ್ಳು 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲಬೇಕು. ಸ್ಥಿರವಾಗಿ ಕೆಳಗೆ ನಿಂತರೆ ಸೋರಿಕೆಯ ಅಥವಾ ತಡವಾದ ಇಗ್ನಿಷನ್ ಟೈಮಿಂಗಿನ ಸಂಶಯ. ತಾಳ ತಪ್ಪದೆ ಒಂದೇ ಲಯದಲ್ಲಿ ಬಿದ್ದೇಳುತ್ತಿದ್ದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಆದರೆ ಈ ಅಂಕೆಗಳು ಕಡಲ ಮಟ್ಟದವು. ಕಾಸರಗೋಡಿನಲ್ಲಿ 18 ಇಂಚು ತೋರಿಸಿದ ಕಾರನ್ನು ಜಾಲ್ಸೂರು, ಸುಳ್ಯದ ದಾರಿಯಾಗಿ ಮಡಿಕೇರಿಗೆ ಒಯ್ದರೆ, ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ತಗ್ಗಿರುವುದರಿಂದ ಮುಳ್ಳು ಸುಮಾರು 4 ಇಂಚು ಕೆಳಗೆ ನಿಲ್ಲುತ್ತದೆ. ಅದು ಎಂಜಿನ್ನಿನ ದೋಷವಲ್ಲ.

ಸೋರಿಕೆಯ ಜಾಗ ಹಿಡಿಯಲು ಕೆಲವರು ಪೆಟ್ರೋಲನ್ನೋ ಕಾರ್ಬ್ ಕ್ಲೀನರನ್ನೋ ಚಿಮುಕಿಸುತ್ತಾರೆ. ಕಾದ ಎಗ್ಸಾಸ್ಟಿನ ಪಕ್ಕದಲ್ಲಿ ಅದು ಬೆಂಕಿಯನ್ನು ಕರೆದು ತರುವ ಕೆಲಸ, ದಯವಿಟ್ಟು ಮಾಡಬೇಡಿ. ವಯರಿಂಗಿಗೆ ತಾಗದಂತೆ ನೀರನ್ನು ಸಣ್ಣ ಹನಿಗಳಾಗಿ ಸಿಂಪಡಿಸಿದರೂ ಬಿರುಕು ಕ್ಷಣಕಾಲ ಮುಚ್ಚಿಕೊಂಡು ಎಂಜಿನ್ನಿನ ಸದ್ದು ಬದಲಾಗುತ್ತದೆ. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಹೋಸಿನಿಂದ ಮೊದಲ್ಗೊಂಡು ಒಂದೊಂದನ್ನೇ ಮೆತ್ತಗೆ ಅದುಮಿ ನೋಡಬಹುದು. ಗಾಳಿಯನ್ನು ಅಳೆಯುವ ಕಾರಿನಲ್ಲಿ ಆಯಿಲ್ ಮುಚ್ಚಳವನ್ನು ತೆರೆದಾಗ ಎಂಜಿನ್ ತಡವರಿಸಬೇಕು. ಏನೂ ಬದಲಾಗದಿದ್ದರೆ ಬೇರೆಲ್ಲೋ ಬಾಗಿಲು ಆಗಲೇ ತೆರೆದಿದೆ ಎಂದು ಸಂಶಯಪಡಬೇಕು. ಕುಂಬಳೆಯ ಸ್ನೇಹಿತರೊಬ್ಬರ ಕಾರಿನಲ್ಲಿ ನಾನು ಕಂಡ ಹೋಸು ಮೇಲ್ನೋಟಕ್ಕೆ ಹೊಸದರಂತೆಯೇ ಇತ್ತು. ಬಗ್ಗುವ ಜಾಗದ ಕೆಳಬದಿಗೆ ಬೆರಳಾಡಿಸಿದಾಗ ಮಾತ್ರ ಉಗುರು ಸಿಕ್ಕಿಕೊಳ್ಳುವಂಥ ಸೀಳು ಸಿಕ್ಕಿತು. ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು, ನೇರ ಮಾಡಿದರೆ ಗೆರೆಯೂ ಕಾಣುತ್ತಿರಲಿಲ್ಲ, ಒಳಮೈ ಒಣಗಿ ಬಿರಿದು ಕೈಗೆ ಕರಿ ಹತ್ತುತ್ತಿತ್ತು. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲುವ ಕಾರುಗಳಲ್ಲಿ ಇಲಿ, ಅಳಿಲುಗಳ ಹಲ್ಲಿನ ಗುರುತನ್ನೂ ನೋಡಿಕೊಳ್ಳಬೇಕು.

ಈಗ ಎಲ್ಲ ದೂರೂ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನ ಮೇಲೆ ಬೀಳುತ್ತಿದೆ. ಅದಕ್ಕೆ ಬೇಕಾದ ಗಾಳಿಯ ಪ್ರಮಾಣ 14.7ರ ಬದಲು ಸುಮಾರು 13.5 ಭಾಗ, ಆದ್ದರಿಂದ ಹಳೆಯ ಹೊಂದಿಕೆಯ ಕಾರಿನಲ್ಲಿ ಮಿಶ್ರಣ ತುಸು ತೆಳುವಾಗುವುದು ನಿಜ. ಆದರೆ ಆ ಪರಿಣಾಮ ಎಲ್ಲ ವೇಗಗಳಲ್ಲೂ ಇರಬೇಕಲ್ಲವೇ? ಸ್ಲೋದಲ್ಲಿ ಮಾತ್ರ ನಡುಗುವ ಕಾರಿಗೆ ಎಥನಾಲ್ ಒಂದೇ ಕಾರಣವಾಗಲಾರದು. ಟ್ಯಾಂಕಿಗೆ ಸುರಿಯುವ ಬಾಟಲಿ ಔಷಧಗಳಿಂದ ರಬ್ಬರಿನ ಸೀಳು ಕೂಡಿಕೊಳ್ಳುವುದೂ ಇಲ್ಲ.

ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಉಳಿಯುವುದು ಕೆಲವೇ ಸಂಗತಿಗಳು. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದ ಮೇಲೆ ಕೆಡುವ ಕಾರಿನಲ್ಲಿ, ಎಂಜಿನ್ನಿನ ಬಿಸಿಯನ್ನು ಕಂಪ್ಯೂಟರಿಗೆ ತಿಳಿಸುವ ಕೂಲಂಟ್ ಸೆನ್ಸರನ್ನು ಅಳೆಯಬೇಕು. ಬಹಳಷ್ಟು ಹಳೆಯ ಸೆನ್ಸರುಗಳಲ್ಲಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸಿನಲ್ಲಿರುವ ರೋಧ 80 ಡಿಗ್ರಿಯಲ್ಲಿ 300ರ ಹತ್ತಿರಕ್ಕೆ ಇಳಿಯಬೇಕು. ಸ್ಲೋಗೆ ಬೇಕಾದ ಗಾಳಿಯನ್ನು ತಾನಾಗಿ ಹೆಚ್ಚುಕಡಿಮೆ ಮಾಡುವ ಸ್ಲೋ ವಾಲ್ವಿನ ಮತ್ತು ಥ್ರಾಟಲ್ ತಟ್ಟೆಯ ಅಂಚಿನ ಕರಿಯನ್ನು ಒರೆಸಬೇಕು. ರೇಸಿಗೆಂದು ಬಿರುಸಾದ ಕ್ಯಾಮ್ ಶಾಫ್ಟ್ ಹಾಕಿದ ಕಾರು ಮಾತ್ರ ಇದಕ್ಕೆಲ್ಲ ಹೊರತು. ಅದರಲ್ಲಿ ಒಳ ವಾಲ್ವೂ ಹೊರ ವಾಲ್ವೂ ಏಕಕಾಲಕ್ಕೆ ಹೆಚ್ಚು ಹೊತ್ತು ತೆರೆದಿದ್ದು, ಸುಟ್ಟ ಹೊಗೆ ಮ್ಯಾನಿಫೋಲ್ಡಿಗೆ ಮರಳುವುದರಿಂದ ಒರಟು ಸ್ಲೋ ಅದರ ಸಹಜ ಗುಣ.

ಸ್ಕ್ರೂಡ್ರೈವರಿಗೆ ಕೆಲಸ ಬರುವುದು ಇಷ್ಟೆಲ್ಲ ಆದ ಮೇಲೆ, ಅದೂ ಥ್ರಾಟಲ್ ತಟ್ಟೆಯ ಪಕ್ಕದ ದಾರಿಯಲ್ಲಿ ಬರುವ ಗಾಳಿಯನ್ನು ಹೊಂದಿಸುವ ಗಾಳಿಯ ತಿರುಪಿಗೆ ಮಾತ್ರ. ಥ್ರಾಟಲ್ ತಟ್ಟೆಯನ್ನು ತಡೆಯುವ ತಿರುಪನ್ನು ಹಿಂದೆ ಯಾರಾದರೂ ತಿರುಗಿಸಿದ್ದರೆ, ತಟ್ಟೆ ಮುಚ್ಚಿದೆ ಎಂದು ತಿಳಿಸುವ ಸ್ವಿಚ್ಚು ಒತ್ತಿಕೊಳ್ಳದೆ, ಎಂಜಿನ್ ಸ್ಲೋದಲ್ಲಿದೆ ಎಂಬುದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಮೊದಲು ಆ ತಿರುಪನ್ನು ಮೂಲಸ್ಥಾನಕ್ಕೆ ತಂದು, ಸ್ವಿಚ್ಚಿನ 'ಟಿಕ್' ಸದ್ದನ್ನು ಕೇಳಿಸಿಕೊಂಡು, ಎಂಜಿನ್ ಪೂರ್ತಿ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ನಿಂತಿರುವ ಹೊತ್ತಿನಲ್ಲಿ, ಲೈಟು ಮತ್ತು ಎಸಿ ಆರಿಸಿಟ್ಟು, ಆಯಾ ಕಾರಿನ ಕೈಪಿಡಿಯಲ್ಲಿ ಹೇಳಿದ ಸುತ್ತಿಗೆ ಗಾಳಿಯ ತಿರುಪನ್ನು ಹೊಂದಿಸಬೇಕು. ಬಳಿಕ ಎಸಿ ಹಾಕಿದಾಗ ಸುತ್ತು ಒಮ್ಮೆ ತಗ್ಗಿ ತಾನಾಗಿ ಮೇಲೆ ಬಂದರೆ ಸ್ಲೋ ವಾಲ್ವೂ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು.