ಎಡಕ್ಕೆ ಹಿಂದಿ, ಬಲಕ್ಕೆ ಇಂಗ್ಲಿಷ್: ಸಿಮ್ಯುಲೇಟರ್ ವಿಮಾನಕ್ಕೆ ಲಿವರಿ ಬರೆಯುವ ಟಿಪ್ಪಣಿ

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ (ಚಿಕ್ಕದಾಗಿ ಸಿಮ್) ಹಚ್ಚಿಕೊಂಡವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟೇ ಹುಟ್ಟುತ್ತದೆ. ಚಿಕ್ಕಂದಿನಲ್ಲಿ ಕತ್ತೆತ್ತಿ ನೋಡಿದ ವಿಮಾನ ಸಿಮ್‌ನಲ್ಲಿ ಸಿಗುವುದಿಲ್ಲ, ನಾವೇ ಬಣ್ಣ ಹಚ್ಚಿಬಿಡೋಣ ಅನ್ನಿಸುತ್ತದೆ. ನಾನು ಕಲಿಯಲು ಆರಿಸಿಕೊಂಡಿದ್ದು ಹಳೆಯ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320. ಬಿಳಿ ಮೈ, ತಿಳಿ ಬೂದು ಹೊಟ್ಟೆ, ಕಿತ್ತಳೆ ಬಾಲ, ಬಾಲದ ಮೇಲೆ ಬಿಳಿ ಲಾಂಛನ. ಇಷ್ಟೇ ತಾನೇ, ಒಂದು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ತಿಳಿದದ್ದನ್ನು, ಈಗ ಶುರು ಮಾಡುತ್ತಿರುವವರಿಗೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಬಣ್ಣಕ್ಕೆ ಮೊದಲು ಮಾಡೆಲ್

ಲಿವರಿ ಅಂದರೆ ವಿಮಾನದ ಮೈಮೇಲಿನ ಕಂಪನಿಯ ಬಣ್ಣ, ಹೆಸರು, ಲಾಂಛನ. ಸಿಮ್‌ನಲ್ಲಿ ಅದು ಮಾಡೆಲ್‌ಗೆ, ಅಂದರೆ ವಿಮಾನದ ಮೂರು ಆಯಾಮದ ಆಕಾರಕ್ಕೆ, ಅಂಟಿಸುವ ಬರೀ ಚಿತ್ರ. ಅದು ವಿಮಾನದ ಆಕಾರ ಬದಲಿಸುವುದಿಲ್ಲ. ಮೈಕ್ರೋಸಾಫ್ಟ್‌ನ 2020ರ ಸಿಮ್ಯುಲೇಟರ್ ಜೊತೆ ಬರುವುದು ಎ320ರ ಹೊಸ ಬಗೆಯಾದ ಎ320 ನಿಯೋ. ಅದರ ಎಂಜಿನ್ ದಪ್ಪ, ರೆಕ್ಕೆಯ ತುದಿ ಮೇಲಕ್ಕೆ ಬಾಗಿರುತ್ತದೆ. ನಿಯೋ ಪ್ರಯಾಣಿಕರನ್ನು ಹೊತ್ತು ಹಾರಲು ಶುರು ಮಾಡಿದ್ದು 2016ರಲ್ಲಿ. ಇಂಡಿಯನ್ ಏರ್‌ಲೈನ್ಸ್ 2005ರ ಕೊನೆಗೇ ಹೆಸರು ಬದಲಿಸಿ ಬರೀ ‘ಇಂಡಿಯನ್’ ಆಯಿತು, ಬಾಲಕ್ಕೆ ಕೋನಾರ್ಕದ ಚಕ್ರ ಬಂತು, ಆಮೇಲೆ ಏರ್ ಇಂಡಿಯಾದೊಳಗೆ ಸೇರಿಹೋಯಿತು. ಹಾಗಾಗಿ ನಿಯೋ ಮೇಲೆ ಆ ಹಳೆಯ ಕಿತ್ತಳೆ ಬಾಲ ಬರೆದರೆ ಅದು ಯಾವ ಕಾಲದಲ್ಲೂ ಇಲ್ಲದ ವಿಮಾನ. ಸುಮ್ನೆ ಖುಷಿಗೆ ಅಂದರೆ ತಪ್ಪೇನಿಲ್ಲ. ಆದರೆ ತಿಳಿದು ಮಾಡಿ.

1989ರಲ್ಲಿ ಬಂದ ಆ ಎ320ಗಳಲ್ಲಿ ಇದ್ದದ್ದು ಐಎಇ ಕಂಪನಿಯ ವಿ2500 ಎಂಜಿನ್. ಇದನ್ನು ಗುರುತಿಸುವುದು ಸುಲಭ. ವಿ2500ರ ಹೊರಕವಚ ಹಿಂದಿನವರೆಗೂ ಉದ್ದಕ್ಕೆ ಇರುತ್ತದೆ. ಇನ್ನೊಂದು ಬಗೆಯಾದ ಸಿಎಫ್‌ಎಂ56ರಲ್ಲಿ ಕವಚ ಅರ್ಧಕ್ಕೇ ನಿಂತು, ಒಳಗಿನ ಕೊಳವೆ ಹಿಂದೆ ಚಾಚಿಕೊಂಡಿರುತ್ತದೆ. ಮಾಡೆಲ್ ಡೌನ್‌ಲೋಡ್ ಮಾಡುವ ಮುಂಚೆ ಎಂಜಿನ್ ನೋಡಿಕೊಳ್ಳಿ. ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದರೂ ತಪ್ಪು ಎಂಜಿನ್ ಮುಚ್ಚಿಡಲು ಆಗುವುದಿಲ್ಲ.

ಇನ್ನೊಂದು ಇದೆ, ನನಗೆ ತುಂಬ ಇಷ್ಟವಾದ ವಿವರ. ಸಾಮಾನ್ಯ ಎ320ರ ರೆಕ್ಕೆಯ ಕೆಳಗಿನ ಒಂದೊಂದು ಕಾಲಿಗೆ ಎರಡೆರಡು ಚಕ್ರ. ಇಂಡಿಯನ್ ಏರ್‌ಲೈನ್ಸ್‌ನ ಮೊದಮೊದಲ ಎ320ಗಳಿಗೆ ನಾಲ್ಕು ನಾಲ್ಕು. ನಮ್ಮ ಕೆಲವು ರನ್‌ವೇಗಳು ಅಷ್ಟು ಗಟ್ಟಿ ಇರಲಿಲ್ಲ, ಭಾರ ಹಂಚಿಹೋಗಲಿ ಅಂತ ಹಾಗೆ ಮಾಡಿಸಿದ್ದರು. ಸಿಮ್‌ನ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಎರಡೇ ಚಕ್ರ ಇರುತ್ತವೆ. ಇದನ್ನು ಬ್ರಷ್ ಹಿಡಿದು ಸರಿ ಮಾಡಲು ಸಾಧ್ಯವಿಲ್ಲ.

ಕತ್ತರಿಸಿದ ಬಟ್ಟೆ

ಪೇಂಟ್‌ಕಿಟ್, ಅಂದರೆ ಬಣ್ಣ ಹಚ್ಚಲು ಮಾಡೆಲ್ ಮಾಡಿದವರು ಕೊಡುವ ಖಾಲಿ ಚಿತ್ರಗಳ ಕಟ್ಟು, ತೆರೆದ ತಕ್ಷಣ ಎಲ್ಲರೂ ಗಾಬರಿಯಾಗುತ್ತಾರೆ. ವಿಮಾನ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ದರ್ಜಿಯ ಮೇಜು ನೆನಪಿಸಿಕೊಳ್ಳಿ. ತೋಳು ಒಂದು ಕಡೆ, ಕಾಲರ್ ಒಂದು ಕಡೆ, ಬೆನ್ನಿನ ತುಂಡು ತಲೆಕೆಳಗಾಗಿ ಇನ್ನೊಂದು ಕಡೆ ಬಿದ್ದಿರುತ್ತವೆ. ಟೆಕ್ಸ್ಚರ್ ಹಾಳೆಯೂ, ಅಂದರೆ ಮಾಡೆಲ್ ಮೇಲೆ ಅಂಟುವ ಚಿತ್ರವೂ, ಹಾಗೇ. ವಿಮಾನದ ಮೂರು ಆಯಾಮದ ಮೈಯನ್ನು ಕತ್ತರಿಸಿ ಚಪ್ಪಟೆಯಾಗಿ ಹಾಸಿರುತ್ತಾರೆ. ಯಾವ ತುಂಡು ಎಲ್ಲಿಗೆ ಅಂಟಿಕೊಳ್ಳಬೇಕು ಅನ್ನುವ ಲೆಕ್ಕಕ್ಕೆ ಯುವಿ ಮ್ಯಾಪ್ ಅಂತ ಹೆಸರು. ಚೌಕಳಿ ಅಂಗಿಯ ಜೇಬು ಹೊಲಿಯುವಾಗ ಗೆರೆಗೆ ಗೆರೆ ಕೂಡಿಸುತ್ತಾರಲ್ಲ, ಅದೇ ಕೆಲಸ ಇಲ್ಲಿ ನಮ್ಮದು. ಬಿಳಿ ಮೈ ಮತ್ತು ಬೂದು ಹೊಟ್ಟೆ ಸೇರುವ ಗೆರೆ ಮುಂಭಾಗದ ಹಾಳೆಯಿಂದ ಹಿಂಭಾಗದ ಹಾಳೆಗೆ ದಾಟುವಲ್ಲಿ ಒಂದೇ ಒಂದು ಪಿಕ್ಸೆಲ್ ಜಾರಿದರೂ ಮೆಟ್ಟಿಲಿನ ಹಾಗೆ ಕಾಣುತ್ತದೆ.

ಊಹೆ ಮಾಡುತ್ತಾ ಕೂರಬೇಡಿ. ಚಿತ್ರದ ಪ್ರೋಗ್ರಾಂನಲ್ಲಿ ಒಂದು ಖಾಲಿ ಲೇಯರ್ (ಪದರ) ಮೇಲೆ ಚೌಕಗಳ ಜಾಲ ಹಾಕಿ, ಪ್ರತಿ ಚೌಕದಲ್ಲೂ ಒಂದೊಂದು ನಂಬರ್ ಬರೆಯಿರಿ. ಹಾಗೇ ಸಿಮ್‌ಗೆ ಹಾಕಿ ವಿಮಾನದ ಸುತ್ತ ತಿರುಗಿ ನೋಡಿ. ಮುಂದಿನ ಬಾಗಿಲು 14ರ ಮೇಲಿದೆ, ಬಾಲದ ಬುಡ 52ರ ಹತ್ತಿರ ಎಳೆದಂತಾಗಿದೆ, ಹೀಗೆ ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಬಾಲ ಮೈಗೆ ಸೇರುವ ಕಡೆ ಚೌಕಗಳು ಉದ್ದುದ್ದ ಹಿಗ್ಗಿರುವುದು ಜಾಸ್ತಿ. ಅಲ್ಲಿ ನೇರ ಗೆರೆ ಬರಬೇಕೆಂದರೆ ಹಾಳೆಯ ಮೇಲೆ ಸೊಟ್ಟ ಗೆರೆ ಎಳೆಯಬೇಕು. ಈ ಒಂದು ಗಂಟೆಯ ಕೆಲಸವನ್ನು ನಾನು ಮೊದಲ ವಾರ ಬಿಟ್ಟುಬಿಟ್ಟೆ. ಮೂರು ವಾರ ಹಿಡಿದಿದ್ದಕ್ಕೆ ಅದೇ ಅರ್ಧ ಕಾರಣ.

ಎಡಬದಿ, ಬಲಬದಿ

ಇಂಡಿಯನ್ ಏರ್‌ಲೈನ್ಸ್ ವಿಮಾನದ ಕಿಟಕಿಗಳ ಮೇಲೆ ಕಂಪನಿಯ ಹೆಸರು ಎರಡು ಭಾಷೆಯಲ್ಲಿ ಇರುತ್ತಿತ್ತು. ಎಡಬದಿಗೆ ಹಿಂದಿ, ಬಲಬದಿಗೆ ಇಂಗ್ಲಿಷ್. ಎಡ ಬಲ ಅಂದರೆ ಪೈಲಟ್ ಕೂತು ಮುಂದೆ ನೋಡುವಾಗಿನ ಎಡ ಬಲ. ಎಡಬದಿಯನ್ನು ಹೊರಗೆ ನಿಂತು ನೋಡಿದರೆ ಮೂತಿ ನಮ್ಮ ಎಡಕ್ಕಿರುತ್ತದೆ. ಹಾಗಾಗಿ ಹಿಂದಿ ಹೆಸರಿನ ಮೊದಲ ಅಕ್ಷರ ಮೂತಿಯ ಕಡೆ. ಬಲಬದಿಯಲ್ಲಿ ಮೂತಿ ನಮ್ಮ ಬಲಕ್ಕೆ, ಹಾಗಾಗಿ ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರ ಮೂತಿಯ ಕಡೆ.

ಹಳೆಯ ಮಾಡೆಲ್‌ಗಳಲ್ಲಿ ಮೆಮೊರಿ ಉಳಿಸಲು ಒಂದೇ ಬದಿಯ ಚಿತ್ರವನ್ನು ಎರಡೂ ಕಡೆ ಅಂಟಿಸಿರುತ್ತಾರೆ. ಇದಕ್ಕೆ ನಾನು ಕನ್ನಡಿ ಟೆಕ್ಸ್ಚರ್ ಅನ್ನುತ್ತೇನೆ. ಒಂದು ಬದಿಗೆ ಬರೆದ ಅಕ್ಷರ ಇನ್ನೊಂದು ಬದಿಯಲ್ಲಿ ತಿರುಗಾಮುರುಗಾ ಕಾಣುತ್ತದೆ. ಬರೀ ಪಟ್ಟೆಗಳಾದರೆ ತೊಂದರೆ ಇಲ್ಲ. ನಮ್ಮ ತ್ರಿವರ್ಣ ಧ್ವಜಕ್ಕೂ ತೊಂದರೆ ಇಲ್ಲ, ಕನ್ನಡಿಯಲ್ಲೂ ಅದು ಹಾಗೇ ಇರುತ್ತದೆ. ಆದರೆ ಎರಡು ಬದಿಗೆ ಎರಡು ಲಿಪಿ ಬೇಕೆಂದರೆ ಕನ್ನಡಿ ಮಾಡೆಲ್ ಕೆಲಸಕ್ಕೇ ಬರುವುದಿಲ್ಲ. ನಂಬರ್ ಹಾಕಿದ ಜಾಲ ಇಲ್ಲೂ ಕೈಹಿಡಿಯುತ್ತದೆ. ಬಲಬದಿಯಲ್ಲಿ ಅಂಕಿಗಳು ತಿರುಗಿ ಕಂಡರೆ ಬೇರೆ ಮಾಡೆಲ್ ಹುಡುಕಿ, ಅಷ್ಟೇ.

ಈಗ ಅಕ್ಷರದ ವಿಷಯ. ‘ಇಂಡಿಯನ್’ ಅನ್ನುವಾಗ ‘ಡಿ’ ಬರುತ್ತದಲ್ಲ, ದೇವನಾಗರಿಯಲ್ಲಿ ಅದರ ಹ್ರಸ್ವ ಇಕಾರದ ಮಾತ್ರೆ, ಅಂದರೆ ಸ್ವರದ ಗುರುತು, ವ್ಯಂಜನದ ಎಡಕ್ಕೆ ಕೂರುತ್ತದೆ. ಭಾರತೀಯ ಲಿಪಿ ಅರ್ಥವಾಗದ ಪ್ರೋಗ್ರಾಂನಲ್ಲಿ ಅದು ಬಲಕ್ಕೆ ಹೋಗಿ ಕೂರುತ್ತದೆ. ನನ್ನ ಮೊದಲ ವಿಮಾನ ಹಾಗೇ ಹಾರಿತು. ಸ್ಕ್ರೀನ್‌ಶಾಟ್ ನೋಡಿದ ನಮ್ಮ ಚಿಕ್ಕಮ್ಮ, ಶಾಲೆಯಲ್ಲಿ ಹಿಂದಿ ಹೇಳಿಕೊಟ್ಟವರು, ವಿಮಾನದ ಬಗ್ಗೆ ಒಂದು ಮಾತೂ ಆಡದೆ “ಇದನ್ನ ಯಾರೋ ಬರೆದಿದ್ದು, ಮಾತ್ರೆ ತಪ್ಪಾಗಿದೆಯಲ್ಲೋ” ಅಂದರು. ಕನ್ನಡದಲ್ಲಿ ಬರೆಯುವವರಿಗೂ ಇದೇ ಪಾಡು. ‘ಕರ್ನಾಟಕ’ ಅಂತ ಹಾಕಿ ನೋಡಿ. ಅರ್ಕಾವೊತ್ತು ಸರಿಯಾಗಿ ‘ನಾ’ ಆದಮೇಲೆ ಬಂದರೆ ಪ್ರೋಗ್ರಾಂ ಸರಿ ಇದೆ ಅಂತ ಅರ್ಥ. ಚಿತ್ರ ಬರೆಯುವ ಪ್ರೋಗ್ರಾಂಗಳಾದ ಗಿಂಪ್ ಮತ್ತು ಇಂಕ್‌ಸ್ಕೇಪ್ ಇದನ್ನು ಸರಿಯಾಗಿ ಮಾಡುತ್ತವೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಾದರೆ ಪಠ್ಯದ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿಕೊಳ್ಳಬೇಕು. ನಾನು ಕೊನೆಗೆ ಫಾಂಟನ್ನೇ ಬಿಟ್ಟು, ಹಳೆಯ ಫೋಟೋ ಕೆಳಗಿಟ್ಟು, ಇಂಕ್‌ಸ್ಕೇಪ್‌ನಲ್ಲಿ ಒಂದೊಂದೇ ಅಕ್ಷರ ತಿದ್ದಿದೆ. ನಿಜವಾದ ವಿಮಾನದ ಅಕ್ಷರಕ್ಕೆ ಹೋಲುವ ಫಾಂಟ್ ಹುಡುಕುವುದಕ್ಕಿಂತ ಇದೇ ಬೇಗ ಆಗುತ್ತದೆ.

ಪಿಕ್ಸೆಲ್ ಲೆಕ್ಕ

ಎ320ರ ಉದ್ದ 37.57 ಮೀಟರ್. ಇಡೀ ಉದ್ದ 4096 ಪಿಕ್ಸೆಲ್‌ನ ಒಂದು ಹಾಳೆಯಲ್ಲಿ ಬಂದರೆ ಒಂದು ಪಿಕ್ಸೆಲ್‌ಗೆ ಸುಮಾರು 9 ಮಿಲಿಮೀಟರ್. ಹಳೆಯ 1024ರ ಹಾಳೆಯಲ್ಲಿ ಸುಮಾರು 37 ಮಿಲಿಮೀಟರ್. ಬಾಗಿಲ ಪಕ್ಕದ ಸಣ್ಣ ಬರಹ 5 ಸೆಂಟಿಮೀಟರ್ ಎತ್ತರ ಇದೆ ಅಂದುಕೊಳ್ಳಿ. 4096ರಲ್ಲಿ ಅದಕ್ಕೆ ಐದಾರು ಪಿಕ್ಸೆಲ್, 1024ರಲ್ಲಿ ಒಂದೂವರೆ ಪಿಕ್ಸೆಲ್ ಕೂಡ ಇಲ್ಲ. ಅದನ್ನು ಓದುವ ಹಾಗೆ ಬರೆಯುತ್ತೇನೆ ಅಂತ ಹಟ ಹಿಡಿದರೆ ಕಣ್ಣು ನೋವು ಬರುತ್ತದೆ, ಅಷ್ಟೇ.

ಸಿಮ್ ಓದುವ ಡಿಡಿಎಸ್ ಅನ್ನುವ ಬಗೆಯ ಚಿತ್ರದ ಫೈಲ್ ಆಗಿ ಉಳಿಸುವಾಗ ಚಿತ್ರ 4×4 ಪಿಕ್ಸೆಲ್‌ಗಳ ಚೌಕಗಳಾಗಿ ಕುಗ್ಗುತ್ತದೆ. ಒಂದೊಂದು ಚೌಕಕ್ಕೂ ಎರಡೇ ಮೂಲ ಬಣ್ಣ, ಉಳಿದವು ಅವುಗಳ ಬೆರಕೆ. ಬಿಳಿ ಮೇಲಿನ ಕಿತ್ತಳೆ ಅಂಚು ಸ್ವಲ್ಪ ಕೊಳೆಯಾದಂತೆ ಕಾಣುವುದು ಇದರಿಂದಲೇ. ಆದರೂ ಬೇಕು. 4096ರ ಒಂದು ಹಾಳೆ ಕುಗ್ಗಿಸದೆ 64 ಎಂಬಿ, ಕುಗ್ಗಿಸುವ ಎರಡು ಬಗೆಗಳಾದ ಡಿಎಕ್ಸ್‌ಟಿ5ರಲ್ಲಿ 16, ಡಿಎಕ್ಸ್‌ಟಿ1ರಲ್ಲಿ 8. ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಅದೇ ಚಿತ್ರದ ಚಿಕ್ಕ ಚಿಕ್ಕ ಪ್ರತಿಗಳು) ಆಯ್ಕೆ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ದೂರದಿಂದ ಅಕ್ಷರಗಳು ಮಿಣಮಿಣ ಅನ್ನುತ್ತವೆ.

ಬಿಳಿ ಅಷ್ಟು ಬಿಳಿಯಲ್ಲ

ಫೋಟೋದಿಂದ ಬಣ್ಣ ಹೀರಿ ತೆಗೆಯುವುದು ಎಲ್ಲರ ಮೊದಲ ತಪ್ಪು. ಫೋಟೋದಲ್ಲಿ ಬಣ್ಣದ ಜೊತೆ ಬಿಸಿಲೂ ಇರುತ್ತದೆ. ಸಂಜೆ ತೆಗೆದ ಫೋಟೋದ ಕಿತ್ತಳೆ ಕೆಂಪಗಿರುತ್ತದೆ, ಮೋಡದ ದಿನದ್ದು ಮಂಕು. ಸಿಮ್ ತನ್ನ ಬಿಸಿಲನ್ನು ತಾನೇ ಸುರಿಯುತ್ತದೆ. ನಾವು ಕೊಡಬೇಕಾದದ್ದು ಬಿಸಿಲು ಬೀಳದ ಬಣ್ಣ. ಬೇರೆ ಬೇರೆ ಹೊತ್ತಿನ ಐದಾರು ಫೋಟೋ ಪಕ್ಕಪಕ್ಕ ಇಟ್ಟು ನಡುವಿನದ್ದು ಆರಿಸಿ. ಪ್ರೋಗ್ರಾಂನ ಲೆಕ್ಕದಲ್ಲಿ 0 ಅಂದರೆ ಕಪ್ಪು, 255 ಅಂದರೆ ಅಚ್ಚ ಬಿಳಿ. ಬಿಳಿಗೆ 255 ಕೊಡಬೇಡಿ. ಮಧ್ಯಾಹ್ನದ ಬೆಳಕಲ್ಲಿ ಬಾಗಿಲ ಗೆರೆ, ತಗಡಿನ ಗೆರೆ ಎಲ್ಲ ಮಾಯವಾಗುತ್ತವೆ. ನಾನು 235ರ ಹತ್ತಿರ ಇಡುತ್ತೇನೆ. ಗೆರೆಗಳ ಲೇಯರ್ ಬಣ್ಣದ ಮೇಲೆ ಮಲ್ಟಿಪ್ಲೈನಲ್ಲಿ (ಕೆಳಗಿನ ಬಣ್ಣವನ್ನು ಗಾಢ ಮಾಡುವ ಬೆರಕೆ) ಇರಲಿ.

ಹೊಳಪಿನ ಲೆಕ್ಕ ಸಿಮ್‌ನಿಂದ ಸಿಮ್‌ಗೆ ಬೇರೆ. ಮೈಕ್ರೋಸಾಫ್ಟ್‌ನ ಹಳೆಯ ಸಿಮ್‌ಗಳಾದ ಎಫ್‌ಎಸ್ 2004, ಎಫ್‌ಎಸ್‌ಎಕ್ಸ್ ಕಾಲದ ಮಾಡೆಲ್‌ಗಳಲ್ಲಿ ಅದು ಆಲ್ಫಾ ಚಾನೆಲ್‌ನಲ್ಲಿ, ಅಂದರೆ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳ ಜೊತೆಗಿರುವ ನಾಲ್ಕನೇ ಕಪ್ಪು-ಬಿಳಿ ಪದರದಲ್ಲಿ ಇರುತ್ತದೆ. ಆಲ್ಫಾ ಬಿಳಿಯಾದರೆ ಮೈ ಮಂಕು, ಕಪ್ಪಿಗೆ ಹೋದಷ್ಟೂ ಕನ್ನಡಿ. ಒಮ್ಮೆ ನಾನು ಆಲ್ಫಾ ಪೂರ್ತಿ ಕಪ್ಪಾಗಿ ಉಳಿಸಿ, ತೊಳೆದ ಸ್ಟೀಲ್ ಲೋಟದಂಥ ಏರ್‌ಬಸ್ ಹಾರಿಸಿದ್ದೇನೆ. 2020ರ ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಇದಕ್ಕೆ ಬೇರೆಯೇ ಹಾಳೆ ಇದೆ. ಅದರ ಹಸಿರು ಚಾನೆಲ್ ಒರಟುತನ, ನೀಲಿ ಚಾನೆಲ್ ಲೋಹ. ಇಂಡಿಯನ್ ಏರ್‌ಲೈನ್ಸ್‌ನ ಎಷ್ಟೋ ವಿಮಾನಗಳಲ್ಲಿ ಎಂಜಿನ್ ಕವಚ ಬರೀ ಲೋಹದ ಬಣ್ಣದ್ದು, ಅದರ ಮೇಲೂ ಲಾಂಛನ. ಕವಚಕ್ಕೆ ನೀಲಿ ಚಾನೆಲ್ ಏರಿಸಿ, ಲಾಂಛನ ಇರುವಷ್ಟು ಜಾಗದಲ್ಲಿ ಮಾತ್ರ ಸೊನ್ನೆಗೆ ಇಳಿಸಬೇಕು. ಬಣ್ಣ ಬಳಿದ ಜಾಗ ಲೋಹದಂತೆ ಹೊಳೆಯಬಾರದು ಅಲ್ವಾ? ಇದನ್ನು ಮಾಡಿದ ದಿನ ನನ್ನ ಎಂಜಿನ್ ಮೊದಲ ಸಲ ನಿಜದ್ದರ ಹಾಗೆ ಕಂಡಿತು.

ಸಿಮ್‌ಗೆ ಸೇರಿಸುವುದು

ಎಕ್ಸ್‌ಪ್ಲೇನ್ ಅನ್ನುವ ಇನ್ನೊಂದು ಸಿಮ್‌ನಲ್ಲಿ ಇದು ತೀರಾ ಸುಲಭ. ವಿಮಾನದ ಫೋಲ್ಡರ್ ಒಳಗಿನ ಲಿವರೀಸ್ ಫೋಲ್ಡರ್‌ನಲ್ಲಿ ನಿಮ್ಮದೊಂದು ಫೋಲ್ಡರ್ ಮಾಡಿ, ಬದಲಿಸಿದ ಚಿತ್ರಗಳನ್ನು ಮೂಲದ ಹೆಸರಲ್ಲೇ, ಮೂಲದ ಒಳಫೋಲ್ಡರ್ ಕ್ರಮದಲ್ಲೇ ಇಡಿ. ಬದಲಿಸದೆ ಬಿಟ್ಟದ್ದನ್ನು ಅದು ಮೂಲದಿಂದಲೇ ತೆಗೆದುಕೊಳ್ಳುತ್ತದೆ. 2020ರ ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಹೊರಗಿನಿಂದ ಸೇರಿಸುವುದಕ್ಕೆಂದೇ ಇರುವ ಕಮ್ಯುನಿಟಿ ಫೋಲ್ಡರ್‌ಗೆ ಹಾಕುತ್ತೇವೆ. ಅಲ್ಲಿ ಲೇಔಟ್ ಅನ್ನುವ ಫೈಲ್ ಎಲ್ಲ ಫೈಲ್‌ಗಳ ಪಟ್ಟಿ ಮತ್ತು ಗಾತ್ರ ಇಟ್ಟುಕೊಂಡಿರುತ್ತದೆ. ಹೊಸ ಫೈಲ್ ಸೇರಿಸಿ ಈ ಪಟ್ಟಿ ಹೊಸದು ಮಾಡದಿದ್ದರೆ ಸಿಮ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬಣ್ಣ ಬರ್ತಾ ಇಲ್ಲ ಅಂತ ಪರದಾಡುವವರು ಮೊದಲು ಅದನ್ನು ನೋಡಿ.

ನೋಂದಣಿ ಸಂಖ್ಯೆ, ರೀಡ್‌ಮೀ

ಭಾರತದ ವಿಮಾನಗಳ ನೋಂದಣಿ ‘ವಿಟಿ’ಯಿಂದ ಶುರುವಾಗುತ್ತದೆ. ಯಾವುದಾದರೂ ಒಂದೇ ವಿಮಾನ ಹಿಡಿದು, ಅದೇ ವಿಮಾನದ ಎರಡೂ ಬದಿಯ ಫೋಟೋ ಹುಡುಕಿ. ಒಂದರ ಎಡಬದಿ, ಇನ್ನೊಂದರ ಬಲಬದಿ ಸೇರಿಸಿದರೆ ಸಣ್ಣಪುಟ್ಟ ಬರಹ ಹೊಂದುವುದಿಲ್ಲ. ಕಂಪನಿಯ 50 ವರ್ಷದ ನೆನಪಿಗೆ ಬರೆಸಿದ ಚಿನ್ನದ ಬಣ್ಣದ ಸಾಲು ಒಂದು ಫೋಟೋದಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅವು ಬೇರೆ ಬೇರೆ ಕಾಲದವು ಅಂತ ಗೊತ್ತಾಗುತ್ತದೆ. ವಿಟಿ-ಇಪಿಎನ್ ಒಂದನ್ನು ಮಾತ್ರ ನಾನು ಬರೆಯುವುದಿಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಲು ಬರುತ್ತಾ ಬಿದ್ದದ್ದು ಅದು, 92 ಜನ ಹೋದರು. ಬರೆಯುವವರು ಬರೆಯಲಿ, ನನಗೆ ಕೈ ಬರುವುದಿಲ್ಲ.

ಹಂಚುವುದಾದರೆ ಪೇಂಟ್‌ಕಿಟ್ ಮಾಡಿದವರ ಷರತ್ತು ಓದಿ, ದುಡ್ಡಿಗೆ ಮಾರಬೇಡಿ, ಇನ್ನೊಬ್ಬರ ಲೇಯರ್ ಕೇಳದೆ ಎತ್ತಿಕೊಳ್ಳಬೇಡಿ. ಜೊತೆಗೊಂದು ರೀಡ್‌ಮೀ, ಅಂದರೆ ವಿವರದ ಚಿಕ್ಕ ಫೈಲ್, ಇರಲಿ. ಯಾವ ವಿಮಾನ, ಯಾವ ಕಾಲದ್ದು, ಯಾವ ಮಾಡೆಲ್‌ಗೆ, ಏನೇನು ಹೊಂದಿಲ್ಲ. ನನ್ನದರ ಕೊನೆಯ ಸಾಲು ಹೀಗಿದೆ: “ಒಂದು ಕಾಲಿಗೆ 4 ಚಕ್ರ ಇರಬೇಕಿತ್ತು, 2 ಇವೆ. ನನಗೂ ಗೊತ್ತು, ದಯವಿಟ್ಟು ಬರೆಯಬೇಡಿ.”