ಗಾಜೋ: ರೋಮಾ ಜನರ ಬಾಯಲ್ಲಿ ‘ಹೊರಗಿನವರು’

ಶತಮಾನಗಳ ಹಿಂದೆ ಭಾರತದಿಂದ ಹೊರಟು ಯುರೋಪಿನಲ್ಲಿ ಹರಡಿದ ರೋಮಾ ಜನರ ನುಡಿ ರೋಮಾನಿ. ಅದರಲ್ಲಿ ‘ಗಾಜೋ’ ಎಂದರೆ ರೋಮಾ ಅಲ್ಲದ ಗಂಡಸು. ಹೆಂಗಸಾದರೆ ‘ಗಾಜೀ’, ಹಲವರಾದರೆ ‘ಗಾಜೇ’. ಮನೆವಾಸವನ್ನು ಸೂಚಿಸುವ ಸಂಸ್ಕೃತದ ‘ಗಾರ್ಹ್ಯ’ದಿಂದ ಈ ಪದ ಬಂದಿರಬೇಕೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ರೋಮಾ ಗಂಡಸನ್ನು ಸೂಚಿಸುವ ‘ರೋಮ್’ ಎಂಬ ಹೆಸರನ್ನು ಅವರು ಭಾರತದ ‘ಡೋಮ’, ‘ಡೊಂಬ’ಗಳೊಂದಿಗೆ ಜೋಡಿಸುತ್ತಾರೆ, ನಮ್ಮ ‘ಡೊಂಬರಾಟ’ದಲ್ಲಿ ಉಳಿದಿರುವುದೂ ಅದೇ ಹೆಸರು. ನೀರನ್ನು ಇಂದಿಗೂ ‘ಪಾನಿ’ ಎನ್ನುವ ಈ ಭಾಷೆಯನ್ನು ಯುರೋಪಿನ ಭಾಷೆಯೆಂದಷ್ಟೇ ತಿಳಿಯುವುದು ಸರಿಯಲ್ಲ.

ಗಾಜೋ ಬೈಗುಳವೇ ಎಂದು ಕೇಳುವವರಿದ್ದಾರೆ. ಅದನ್ನು ತೀರ್ಮಾನಿಸುವುದು ಆಡುವವರ ದನಿ. ಮಧ್ಯ ಯುರೋಪಿನ ಸ್ಲೊವಾಕಿಯಾ ದೇಶದ ಪೂರ್ವಭಾಗದ ಹಳ್ಳಿಗಳಲ್ಲಿ ಅದಕ್ಕೆ ‘ಜಮೀನುಳ್ಳ ರೈತ’ ಎಂಬ ಅರ್ಥವೂ ಕೂಡಿಕೊಂಡಿತು, ಏಕೆಂದರೆ ಅಲ್ಲಿ ಭೂಮಿ ಇದ್ದದ್ದು ಗಾಜೇಗಳ ಕೈಯಲ್ಲಿ. ರೋಮಾ ಕಮ್ಮಾರನು ಮೊಳೆ, ಸರಪಳಿಗಳನ್ನು ಬಡಿದು ಕೊಡುತ್ತಿದ್ದನು, ಹೆಂಗಸರು ಆಲೂಗಡ್ಡೆ ಅಗೆಯಲು ಹೋಗುತ್ತಿದ್ದರು, ವಾದ್ಯಗಾರರಿಲ್ಲದೆ ಗಾಜೇಗಳ ಮದುವೆ ಕಳೆಗಟ್ಟುತ್ತಿರಲಿಲ್ಲ. ನಮ್ಮ ಆಯಗಾರರಿಗೆ ಸುಗ್ಗಿಯಲ್ಲಿ ಧಾನ್ಯ ಸಲ್ಲುತ್ತಿದ್ದಂತೆ, ಇವರಿಗೂ ಕೂಲಿಯು ಬಹುಮಟ್ಟಿಗೆ ಹಿಟ್ಟು, ಆಲೂಗಡ್ಡೆ, ಹಂದಿಕೊಬ್ಬಿನ ರೂಪದಲ್ಲೇ ಸಿಗುತ್ತಿತ್ತು.

ರೋಮಾ ಮತ್ತು ಗಾಜೇಗಳ ನಡುವಿನ ಗೆರೆಯನ್ನು ದಾಟುವ ಸಂಬಂಧಕ್ಕೂ ಒಂದು ಹೆಸರಿದೆ: ‘ಕಿರ್ವೋ’, ಹೆಂಗಸಾದರೆ ‘ಕಿರ್ವೀ’. ಮಗುವಿಗೆ ಕ್ರೈಸ್ತ ದೀಕ್ಷೆ ಕೊಡುವ ಜ್ಞಾನಸ್ನಾನದ ಹೊತ್ತಿಗೆ ಅದನ್ನು ಎತ್ತಿಕೊಂಡು ನಿಲ್ಲುವವರು ತಂದೆತಾಯಿಗೆ ಕಿರ್ವೋ, ಕಿರ್ವೀ ಆಗುತ್ತಾರೆ; ಮದುವೆಯಿಂದ ಎರಡು ಮನೆಯವರು ಬೀಗರಾಗುವಂತೆ ಇಲ್ಲಿ ಒಂದು ಕೂಸಿನಿಂದ ನಂಟು ಬೆಳೆಯುತ್ತದೆ. ರೋಮಾ ಕುಟುಂಬಗಳು ಪರಿಚಯದ ರೈತ ದಂಪತಿಯನ್ನು ಇದಕ್ಕೆ ಕರೆಯುವುದುಂಟು. ಆದರೆ ರೈತರು ತಮ್ಮ ಮಗುವಿಗೆ ರೋಮಾ ದಂಪತಿಯನ್ನು ಕರೆದದ್ದು ಅಪರೂಪ. ಈ ಏಕಮುಖತೆಯನ್ನು ಮರೆತು ಬರೀ ಸೌಹಾರ್ದವನ್ನು ಹೊಗಳಿದರೆ ಪದದ ಅರ್ಥಕ್ಕೇ ಅನ್ಯಾಯವಾಗುತ್ತದೆ. ಗಾಜೀಯ ಅಂಗಳದಲ್ಲಿ ದಿನವಿಡೀ ದುಡಿದವಳು ಅವಳ ಮೇಜಿಗೆ ಕೂತು ಉಣ್ಣುವುದು ಬೇರೆಯೇ ಮಾತಾಗಿತ್ತು.

1941ರಲ್ಲಿ ಸ್ಲೊವಾಕಿಯಾದ ಸರ್ಕಾರವು, ಸಾರ್ವಜನಿಕ ರಸ್ತೆಗಳ ಬದಿಯಲ್ಲಿದ್ದ ರೋಮಾ ಮನೆಗಳನ್ನು ದೂರಕ್ಕೆ ಸಾಗಿಸಬೇಕೆಂದು ಆಜ್ಞೆ ಹೊರಡಿಸಿತು. ಕುಲುಮೆಗೂ ರೈತನ ಅಂಗಳಕ್ಕೂ ನಡುವಿನ ನಾಲ್ಕು ಹೆಜ್ಜೆ ಎಷ್ಟೋ ಕಡೆ ಮೈಲಿಗಟ್ಟಲೆ ದೂರವಾಯಿತು. ಆ ಕಾಲವನ್ನು ಕಂಡ ಹಿರಿಯರ ಬದುಕಿನ ಕಥನಗಳನ್ನು ಪ್ರಾಗ್‌ನ ವಿದುಷಿ ಮಿಲೆನಾ ಹ್ಯುಬ್ಶ್‌ಮನೋವಾ ದಶಕಗಳ ಕಾಲ ರೋಮಾನಿಯಲ್ಲೇ ಕೇಳಿ ದಾಖಲಿಸಿದರು. ರೋಮಾನಿಗೂ ಮೊದಲು ಆಕೆ ಕಲಿತದ್ದು ಹಿಂದಿ. ಅಂಥ ಕಥನಗಳನ್ನು ಓದುವಾಗ, ಹೇಳುವವರು ಯಾರನ್ನು ಗಾಜೋ ಎಂದರು, ಯಾವ ಗಳಿಗೆಯಲ್ಲಿ ಅವನನ್ನೇ ಕಿರ್ವೋ ಎಂದರು ಎಂಬುದನ್ನು ಗಮನಿಸಬೇಕು.